ಹವಾಯಿ ಕ್ರೂಸ್: ಹಡಗಿಗಿಂತ ಮೊದಲು ದಡದ ಲೆಕ್ಕ

ಹವಾಯಿಯ ದ್ವೀಪಗಳನ್ನಷ್ಟೇ ವಾರವಿಡೀ ಸುತ್ತುವ ದೊಡ್ಡ ಹಡಗು 'ಪ್ರೈಡ್ ಆಫ್ ಅಮೆರಿಕಾ'. ಶನಿವಾರ ಸಂಜೆ ಹೊನೊಲುಲು ಬಿಟ್ಟರೆ ಮುಂದಿನ ಶನಿವಾರ ಬೆಳಗ್ಗೆ ಅಲ್ಲಿಗೇ ವಾಪಸ್. ಇದು ಅಮೆರಿಕದಲ್ಲೇ ನೋಂದಣಿಯಾದ ಹಡಗು. 1886ರ ಕಾಯ್ದೆಯೊಂದರ ಪ್ರಕಾರ ಹೊರದೇಶದ ಬಾವುಟ ಹಾರಿಸುವ ಹಡಗು ಬರೀ ಅಮೆರಿಕದ ಬಂದರುಗಳನ್ನೇ ಸುತ್ತಿ ಬರುವಂತಿಲ್ಲ. ಹಾಗಾಗಿ ಲಾಸ್ ಏಂಜಲೀಸಿನಿಂದ ಹವಾಯಿಗೆ ಹೊರಡುವ ಬೇರೆ ಹಡಗುಗಳು ಮೆಕ್ಸಿಕೋದ ಎನ್ಸೆನಾಡಾದಲ್ಲಿ ಒಮ್ಮೆ ನಿಂತೇ ಹೋಗುತ್ತವೆ. ಅಮೆರಿಕದಲ್ಲಿರುವ ನಮ್ಮವರಲ್ಲಿ, ಪಾಸ್‌ಪೋರ್ಟಿನಲ್ಲಿ ಎಚ್-1ಬಿ ಕೆಲಸದ ವೀಸಾದ ಸ್ಟಾಂಪಿನ ಅವಧಿ ಮುಗಿದವರಿಗೂ, ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೊರಡುವವರಿಗೂ ಈ ವ್ಯತ್ಯಾಸ ಸಣ್ಣದಲ್ಲ. ಪ್ರೈಡ್ ಆಫ್ ಅಮೆರಿಕಾದಲ್ಲಿ ಹೋದರೆ ದೇಶ ಬಿಟ್ಟ ಹಾಗೇ ಆಗುವುದಿಲ್ಲ, ಮರುಪ್ರವೇಶದ ತಲೆನೋವಿಲ್ಲ. ಗುರುತಿಗೆ ಪಾಸ್‌ಪೋರ್ಟ್ ಮಾತ್ರ ಕೈಯಲ್ಲಿರಲಿ.

ಟಿಕೆಟ್ ಆದ ಮರುದಿನವೇ ಹಡಗಿನ ಕಂಪನಿಯ ಇಮೇಲುಗಳು ಶುರುವಾಗುತ್ತವೆ. ಪಾನೀಯದ ಪ್ಯಾಕೇಜ್, ವಿಶೇಷ ರೆಸ್ಟೋರೆಂಟ್, ವೈಫೈ, ಸ್ಪಾ, ಎಲ್ಲಕ್ಕೂ 'ಈಗಲೇ ಕೊಂಡರೆ ರಿಯಾಯಿತಿ'. ಅವನ್ನೆಲ್ಲ ಪಕ್ಕಕ್ಕಿಟ್ಟು ಮೊದಲು ವೇಳಾಪಟ್ಟಿ ನೋಡಿ. ಭಾನುವಾರ ಬೆಳಗ್ಗೆ 8ರಿಂದ ಸೋಮವಾರ ಸಂಜೆ 6ರವರೆಗೆ ಮಾವಿ ದ್ವೀಪದ ಕಹುಲುಯಿ. ಮಂಗಳವಾರ 8ರಿಂದ 6 ದೊಡ್ಡ ದ್ವೀಪದ (ಬಿಗ್ ಐಲೆಂಡ್) ಹಿಲೋ. ಬುಧವಾರ 7ರಿಂದ ಐದೂವರೆ ಅದೇ ದ್ವೀಪದ ಕೋನಾ. ಗುರುವಾರ 8ರಿಂದ ಶುಕ್ರವಾರ ಮಧ್ಯಾಹ್ನ 2ರವರೆಗೆ ಕವಾಯಿಯ ನವಿಲಿವಿಲಿ. ಕೂಡಿದರೆ ದಡದಲ್ಲಿ ಸಿಗುವುದು ಸುಮಾರು 85 ಗಂಟೆ. ಪೂರ್ತಿ ದಿನ ಸಮುದ್ರದಲ್ಲೇ ಕಳೆಯುವುದು ಒಂದೂ ಇಲ್ಲ. ಇಂಥ ಪ್ರವಾಸದಲ್ಲಿ ದಿನದ ಲೆಕ್ಕದಲ್ಲಿ ಹಣ ಕಟ್ಟಿಸಿಕೊಳ್ಳುವ ಸೌಲಭ್ಯಗಳು ಅರ್ಧ ದಿನವೂ ಬಳಕೆಗೆ ಬರುವುದಿಲ್ಲ. ದುಡ್ಡು ಹೋಗಬೇಕಾದದ್ದು ಕಾರಿಗೆ, ಉದ್ಯಾನಗಳ ಪ್ರವೇಶಕ್ಕೆ, ಒಂದೆರಡು ಒಳ್ಳೆಯ ದೋಣಿ ಪ್ರವಾಸಕ್ಕೆ. ವೇಳೆ ಬದಲಾಗುವುದುಂಟು, ನಿಮ್ಮ ಟಿಕೆಟ್ಟಿನ ಜೊತೆ ಬಂದದ್ದನ್ನೇ ನಂಬಿ.

ಬುಕಿಂಗಿಗೂ ಒಂದು ಕ್ರಮ ಇದೆ: ಸೀಟು ಮಿತಿ ಇರುವುದು ಮೊದಲು, ಕಾರು ಆಮೇಲೆ, ಹಡಗಿನೊಳಗಿನದು ಕಡೆಗೆ.

ಮಾವಿಯಲ್ಲಿ ಹಡಗು ರಾತ್ರಿ ತಂಗುವುದರಿಂದ ಸೋಮವಾರದ ಸೂರ್ಯೋದಯವನ್ನು ಹಲೆಯಾಕಲಾ ಶಿಖರದಲ್ಲಿ ನೋಡಬಹುದು. ಬೆಳಗಿನ 3ರಿಂದ 7ರ ಒಳಗೆ ಆ ಶಿಖರ ಇರುವ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಪ್ರತಿ ಕಾರಿಗೂ ಮುಂಗಡ ಬುಕಿಂಗ್ ಕಡ್ಡಾಯ. ಶುಲ್ಕ ಬರೀ 1 ಡಾಲರ್, ಆದರೆ ಸಿಗುವುದು ಕಷ್ಟ. ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ 60 ದಿನ ಮುಂಚೆ ಹವಾಯಿ ಸಮಯ ಬೆಳಗ್ಗೆ 7ಕ್ಕೆ ತೆರೆಯುತ್ತದೆ, ಉಳಿದ ಒಂದಷ್ಟು 2 ದಿನ ಮುಂಚೆ. ಹವಾಯಿಯಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡುವ ಪದ್ಧತಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಬೇಸಿಗೆಯಲ್ಲಿ ಬೆಳಗ್ಗೆ 10, ಚಳಿಗಾಲದಲ್ಲಿ 9. ಇದರಲ್ಲೇ ಎಡವಿ ಒಂದು ಗಂಟೆ ತಡವಾಗಿ ಕೂರುವವರು ಬಹಳ ಮಂದಿ. ಬೆಂಗಳೂರಿನಲ್ಲಿ ಆಗ ರಾತ್ರಿ ಹತ್ತೂವರೆ.

ಆ 1 ಡಾಲರಿನಲ್ಲಿ ಉದ್ಯಾನದ ಪ್ರವೇಶ ಸೇರಿಲ್ಲ. ಅದು ಕಾರಿಗೆ 30 ಡಾಲರ್, 3 ದಿನ ನಡೆಯುತ್ತದೆ. ಮರುದಿನ ಹಿಲೋದಲ್ಲಿ ಜ್ವಾಲಾಮುಖಿ ಉದ್ಯಾನಕ್ಕೆ ಮತ್ತೆ 30. ಎರಡೂ ನೋಡುವವರು 55 ಡಾಲರಿನ ಮೂರು ಉದ್ಯಾನಗಳ ವಾರ್ಷಿಕ ಪಾಸ್ ಕೊಂಡರೆ 5 ಡಾಲರ್ ಉಳಿತಾಯ, ಜೊತೆಗೆ ಕೋನಾದ ದಕ್ಷಿಣಕ್ಕಿರುವ ಹೊನೌನೌ ಉದ್ಯಾನವೂ ಸೇರುತ್ತದೆ.

ಶಿಖರದ ಎತ್ತರ 3,055 ಮೀಟರ್. ಬಂದರಿನಿಂದ ಒಂದೂವರೆ ಗಂಟೆಯ ದಾರಿ, ಕೊನೆಯ ಭಾಗ ಪೂರ್ತಿ ಹಿಮ್ಮುರಿ ತಿರುವು, ಬೀದಿದೀಪ ಇಲ್ಲ. ಬೆಳಗಿನ ಜಾವ ಚಳಿ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿಯುವುದುಂಟು. ಹವಾಯಿ ಅಂತ ಬರೀ ಚಡ್ಡಿ-ಬನಿಯನ್ ತಂದವರು ಹಡಗಿನ ಟವೆಲ್ಲು ಸುತ್ತಿಕೊಂಡು ಮೇಲೆ ನಿಂತಿರುತ್ತಾರೆ. ಸ್ಕೂಬಾ ಡೈವಿಂಗ್ ಮಾಡುವವರು ಗಮನಿಸಿ: ಭಾನುವಾರ ಮಧ್ಯಾಹ್ನ ನೀರಿಗಿಳಿದು ಸೋಮವಾರ ಬೆಳಗ್ಗೆ ಈ ಎತ್ತರಕ್ಕೆ ಹೋಗಬಾರದು. ದೇಹದಲ್ಲಿ ಕರಗಿದ ಸಾರಜನಕ ಒತ್ತಡ ಇಳಿದಾಗ ಗುಳ್ಳೆಗಟ್ಟುತ್ತದೆ. ನಡುವೆ ಕನಿಷ್ಠ 24 ಗಂಟೆ ಬಿಡಿ. ಮೇಲ್ಮೈಯಲ್ಲೇ ತೇಲುವ ಸ್ನಾರ್ಕೆಲಿಂಗಿಗೆ ಈ ತೊಂದರೆ ಇಲ್ಲ.

ಭಾನುವಾರ ಹಾನಾ ರಸ್ತೆ, ಸೋಮವಾರ ಸೂರ್ಯೋದಯ ಎಂದು ಎರಡನ್ನೂ ಹಾಕಿಕೊಳ್ಳುವ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಹಾನಾ ಕಹುಲುಯಿಯಿಂದ 52 ಮೈಲಿ ಅಷ್ಟೇ, ಆದರೆ 600ಕ್ಕೂ ಹೆಚ್ಚು ತಿರುವು, 50ಕ್ಕೂ ಹೆಚ್ಚು ಸೇತುವೆ, ಅದರಲ್ಲಿ ಬಹುಪಾಲು ಒಂದೇ ಕಾರು ಹಿಡಿಸುವಂಥವು. ಎಲ್ಲೂ ನಿಲ್ಲದೆ ಹೋದರೂ ಎರಡೂವರೆ ಗಂಟೆ. ಅಲ್ಲಿನ ಕಪ್ಪು ಮರಳಿನ ವೈಯಾನಪನಪ ಕಡಲತೀರಕ್ಕೂ ಹೊರಗಿನವರು ಮೊದಲೇ ಬುಕ್ ಮಾಡಬೇಕು. ರಾತ್ರಿ 8ಕ್ಕೆ ಹಡಗಿಗೆ ಬಂದ ಡ್ರೈವರ್ 2 ಗಂಟೆಗೆ ಎದ್ದು ಮತ್ತೆ ಬೆಟ್ಟ ಹತ್ತಬೇಕು. ಒಬ್ಬರೇ ಓಡಿಸುವ ಮನೆಯಾದರೆ ಒಂದನ್ನು ಕೈಬಿಡಿ. ವಯಸ್ಸಾದವರು ಜೊತೆಗಿದ್ದರೆ ಬಿಡಬೇಕಾದದ್ದು ಹಾನಾ.

ಕಾರಿನ ಬಗ್ಗೆ ಎರಡು ಮಾತು. ಕಹುಲುಯಿ, ಹಿಲೋ, ನವಿಲಿವಿಲಿ, ಮೂರೂ ಕಡೆ ವಿಮಾನ ನಿಲ್ದಾಣ ಬಂದರಿನಿಂದ ಕೆಲವೇ ಮೈಲಿ, ಬಾಡಿಗೆ ಕಾರುಗಳು ಇರುವುದು ಅಲ್ಲೇ. ಹಡಗಿನ ಬಾಗಿಲು ತೆರೆದ ಮೊದಲ ಒಂದು ಗಂಟೆ ನೂರಾರು ಜನ ಒಟ್ಟಿಗೇ ಅತ್ತ ನುಗ್ಗುತ್ತಾರೆ. ಕಂಪನಿಯ ಶಟಲ್ ಬಸ್ಸಿಗೆ ಕಾಯುವ ಬದಲು ಲೈಸೆನ್ಸ್ ಇರುವವರು ಒಬ್ಬರು ಟ್ಯಾಕ್ಸಿಯಲ್ಲಿ ಮುಂದೆ ಹೋಗಿ ಕಾರು ತಂದರೆ ಉಳಿದವರು ಆರಾಮಾಗಿ ತಿಂಡಿ ಮುಗಿಸಬಹುದು. ಬಾಡಿಗೆ ಕಂಪನಿಯ ಉಚಿತ ಸದಸ್ಯತ್ವ ಮಾಡಿಸಿಟ್ಟರೆ ಹೆಚ್ಚಿನ ಕಡೆ ಕೌಂಟರಿನ ಸಾಲೂ ತಪ್ಪುತ್ತದೆ. ಬಾಡಿಗೆ 24 ಗಂಟೆಯ ಲೆಕ್ಕ. ಕವಾಯಿಯಲ್ಲಿ ಗುರುವಾರ 9ಕ್ಕೆ ತೆಗೆದುಕೊಂಡು ಶುಕ್ರವಾರ 12ಕ್ಕೆ ಕೊಟ್ಟರೆ ಎರಡನೇ ದಿನದ ಬಾಬ್ತು ಬೀಳುತ್ತದೆ. ಅದು ಬೀಳಲಿ, ಶುಕ್ರವಾರದ ಬೆಳಗಿಗೆ ಕಾರು ಬೇಕು, ಯಾಕೆಂದು ಮುಂದೆ ಹೇಳುತ್ತೇವೆ.

ಹಿಲೋ ಸುಲಭದ ದಿನ. ಜ್ವಾಲಾಮುಖಿ ಉದ್ಯಾನ 30 ಮೈಲಿ, ಮುಕ್ಕಾಲು ಗಂಟೆ. ಸಮುದ್ರಕ್ಕೆ ಲಾವಾ ಸುರಿಯುವುದು 2018ರಲ್ಲೇ ನಿಂತಿದೆ, ಹಳೆಯ ಫೋಟೋ ನೋಡಿ ಬಾಲ್ಕನಿ ಕ್ಯಾಬಿನ್ ಕೊಳ್ಳಬೇಡಿ. ಉದ್ಯಾನದ ಕಿಲವೆಯಾ ಜ್ವಾಲಾಮುಖಿಯ ಶಿಖರದ ಕುಳಿಯಲ್ಲಿ 2024ರ ಡಿಸೆಂಬರಿನಿಂದ ಬಿಟ್ಟು ಬಿಟ್ಟು ಬೆಂಕಿಯ ಕಾರಂಜಿ ಏಳುತ್ತಿತ್ತು. ಹೊರಡುವ ದಿನ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ತಾಣದಲ್ಲಿ ಆ ಹೊತ್ತಿನ ಸ್ಥಿತಿ ನೋಡಿಕೊಳ್ಳಿ. ಮಳೆಯಂಗಿ ಬೇಕೇ ಬೇಕು. ಆಗುಂಬೆ ಕಂಡವರಿಗೆ ಹಿಲೋ ಹೊಸದೇನಲ್ಲ, ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರು.

ಎಲ್ಲ ಎಡವಟ್ಟೂ ಆಗುವುದು ಕೋನಾದಲ್ಲಿ. ಇಲ್ಲಿ ಹಡಗು ದಡ ಮುಟ್ಟುವುದಿಲ್ಲ. ಸಮುದ್ರದಲ್ಲೇ ನಿಂತು, ಹಡಗಿನದೇ ಟೆಂಡರ್ ದೋಣಿಗಳಲ್ಲಿ ಜನರನ್ನು ಕೈಲುವಾ ಕಟ್ಟೆಗೆ ಬಿಡುತ್ತಾರೆ. ಹಡಗಿನ ಮೂಲಕ ಪ್ರವಾಸ ಕೊಂಡವರ ಗುಂಪು ಮೊದಲು ಇಳಿಯುತ್ತದೆ, ಉಳಿದವರಿಗೆ ಗುಂಪಿನ ನಂಬರಿನ ಚೀಟಿ. ಚೀಟಿ ಹಿಡಿದು ಲೌಂಜಿನಲ್ಲಿ ಕೂತು ನಂಬರ್ ಕೂಗುವವರೆಗೆ ಕಾಯಬೇಕು. 7ಕ್ಕೆ ಹಡಗು ನಿಂತರೂ ಸ್ವಂತವಾಗಿ ಹೋಗುವವರು ಒಂಬತ್ತರ ಮೊದಲು ದಡದಲ್ಲಿರುತ್ತೇವೆ ಎಂದು ಲೆಕ್ಕ ಹಾಕಬಾರದು. ಎಂಟೂವರೆಗೆ ದಡದಿಂದ ಹೊರಡುವ ಸ್ನಾರ್ಕೆಲಿಂಗ್ ದೋಣಿಗೆ ಹೊರಗಿನ ಕಂಪನಿಯಲ್ಲಿ ಹಣ ಕಟ್ಟಿದವರು ಈ ಸಾಲಿನಲ್ಲೇ ಅದನ್ನು ಕಳೆದುಕೊಳ್ಳುತ್ತಾರೆ. ಅಲೆ ಜೋರಾದರೆ ಕ್ಯಾಪ್ಟನ್ ಕೋನಾವನ್ನೇ ಕೈಬಿಡಬಹುದು. ಆಗ ಹಡಗಿನವರ ಪ್ರವಾಸದ ಹಣ ತಾನಾಗಿ ವಾಪಸ್ ಬರುತ್ತದೆ, ಹೊರಗಿನವರದು ಅವರವರ ಷರತ್ತಿನಂತೆ.

ಆದ್ದರಿಂದ ಹಡಗಿನವರ ದುಬಾರಿ ಪ್ರವಾಸ ಕೊಳ್ಳುವುದಾದರೆ ಕೋನಾಕ್ಕೆ ಮಾತ್ರ ಕೊಳ್ಳಿ. ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಕುಕ್ 1779ರಲ್ಲಿ ಸತ್ತ ಕೆಯಲಕೆಕುವಾ ಕೊಲ್ಲಿಗೆ ಹೋಗುವ ಸ್ನಾರ್ಕೆಲಿಂಗ್ ದೋಣಿ ಅದಕ್ಕೆ ತಕ್ಕ ಬೆಲೆಯದು. ಟಿಕೆಟ್ ಜೊತೆ ಬಂದ ಆನ್‌ಬೋರ್ಡ್ ಕ್ರೆಡಿಟ್ (ಹಡಗಿನ ಖರ್ಚಿಗೆಂದು ಕೊಟ್ಟ ಮೊತ್ತ) ಸಾಮಾನ್ಯವಾಗಿ ನಗದಾಗಿ ಮರಳುವುದಿಲ್ಲ, ಅದನ್ನೂ ಇದಕ್ಕೇ ಹಾಕಬಹುದು. ಕೋನಾದ ಹೆಸರಾಂತ ರಾತ್ರಿಯ ಮಾಂಟಾ ರೇ ಮೀನಿನ ಪ್ರವಾಸ ಹಡಗಿನವರಿಗೆ ಆಗದು, ಸಂಜೆಗೇ ಲಂಗರು ಎತ್ತುತ್ತಾರೆ. ವಿಮಾನ ನಿಲ್ದಾಣ ಇಲ್ಲಿ ದೂರ, ಕಾರಿನ ಗೋಜು ಬೇಡ. ಸನ್‌ಸ್ಕ್ರೀನ್ ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವುದನ್ನು ಹವಾಯಿಯಲ್ಲಿ 2021ರಿಂದ ಮಾರುವಂತಿಲ್ಲ, ಹವಳಕ್ಕೆ ಹಾನಿ ಎಂದು. ಮನೆಯಿಂದಲೇ ಸತುವಿನ ಆಕ್ಸೈಡ್ ಇರುವುದನ್ನು ತನ್ನಿ.

ಕೊನೆಯ ಟೆಂಡರ್ ಹಡಗು ಹೊರಡುವುದಕ್ಕೆ ಸಾಕಷ್ಟು ಮೊದಲೇ ನಿಲ್ಲುತ್ತದೆ. ಆ ವೇಳೆಯನ್ನು ಹಿಂದಿನ ರಾತ್ರಿ ಕ್ಯಾಬಿನ್ನಿಗೆ ಬರುವ ಹಾಳೆಯಲ್ಲಿ ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ. ಹಡಗಿನದೇ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಸ್ವಂತಕ್ಕೆ ಹೋದವರಿಗೆ ಕಾಯುವುದಿಲ್ಲ. ತಪ್ಪಿಸಿಕೊಂಡರೆ ಕೈಯಿಂದ ಹಣ ಹಾಕಿ ಕವಾಯಿಗೆ ವಿಮಾನ ಹಿಡಿಯಬೇಕು.

ಕವಾಯಿಯ ಎರಡು ದಿನವನ್ನು ಹೀಗೆ ಹಂಚಿ. ಗುರುವಾರ ಪಶ್ಚಿಮಕ್ಕೆ, ವೈಮೆಯಾ ಕಣಿವೆ. ಹೊರರಾಜ್ಯದವರಿಗೆ ತಲೆಗೆ 5 ಡಾಲರ್, ಕಾರು ನಿಲ್ಲಿಸಲು 10. ಅದೇ ರಸೀದಿ ಮೇಲಿನ ಕೊಕೆಯೆ ಉದ್ಯಾನಕ್ಕೂ ಆಗುತ್ತದೆ, ಹರಿಯಬೇಡಿ. ಮೋಡ ಮಧ್ಯಾಹ್ನ ಏರುವುದರಿಂದ ಮೊದಲು ಮೇಲಿನ ತುದಿಗೆ ಹೋಗಿ, ಇಳಿಯುತ್ತಾ ಕಣಿವೆ ನೋಡುವುದು ವಾಸಿ. ಉತ್ತರದ ಹಾಯೆನಾ ಉದ್ಯಾನ ಬೇಕೆನ್ನುವವರಿಗೆ ಬುಕಿಂಗ್ 30 ದಿನ ಮುಂಚೆ ಹವಾಯಿಯ ನಡುರಾತ್ರಿ ತೆರೆಯುತ್ತದೆ. ಬೆಂಗಳೂರಿನಲ್ಲಿ ಆಗ ಮಧ್ಯಾಹ್ನ ಮೂರೂವರೆ, ಊರಿನ ತಮ್ಮನೋ ಭಾವನೋ ಮಾಡಿಕೊಟ್ಟರೆ ನೀವು ನಿದ್ದೆಗೆಡುವುದು ಬೇಡ.

ಶುಕ್ರವಾರದ ಬೆಳಗು ಇರೈವನ್ ದೇವಸ್ಥಾನಕ್ಕೆ. ಬಂದರಿನಿಂದ ಅರ್ಧ ಗಂಟೆ, ವೈಲುವಾ ನದಿಯ ಪಕ್ಕದ ಶೈವ ಮಠದ ಆವರಣ. ಪೂರ್ತಿ ಬಿಳಿ ಗ್ರಾನೈಟಿನ ಚೋಳ ಶೈಲಿಯ ಶಿವಾಲಯ, ಸ್ಥಪತಿ ಚೆನ್ನೈನ ವಿ. ಗಣಪತಿ ಸ್ಥಪತಿ. ಆದರೆ ಕಲ್ಲು ಕಡೆದದ್ದು ನಮ್ಮ ಬೆಂಗಳೂರಿನ ಹೊರವಲಯದಲ್ಲಿ. 1990ರಿಂದ ಅಲ್ಲೇ ಊರು ಕಟ್ಟಿಕೊಂಡ ಶಿಲ್ಪಿಗಳು ಉಳಿ-ಸುತ್ತಿಗೆಯಲ್ಲೇ ಕಡೆದ ಕಲ್ಲುಗಳು ಕಂಟೇನರುಗಳಲ್ಲಿ ಪೆಸಿಫಿಕ್ ನಡುವಿನ ಈ ದ್ವೀಪಕ್ಕೆ ಬಂದವು. ಅಡಿಪಾಯ ಕಬ್ಬಿಣದ ಸರಳಿಲ್ಲದ, ಹಾರುಬೂದಿ ಬೆರೆಸಿದ ಕಾಂಕ್ರೀಟು: ಸರಳು ತುಕ್ಕು ಹಿಡಿದು ಸಿಡಿಯುವ ಭಯವಿಲ್ಲ. ಕುಂಭಾಭಿಷೇಕ ಆದದ್ದು 2023ರ ಮಾರ್ಚಿನಲ್ಲಿ. ಕಂಬದ ಸಿಂಹದ ಬಾಯೊಳಗೆ ಕಲ್ಲಿನ ಗುಂಡು ಉರುಳುತ್ತದೆ, ಹೊರಗೆ ಬಾರದು. ಒಂದೇ ಕಲ್ಲಿನಲ್ಲಿ ಒಳಗೇ ಬಿಡಿಸಿದ್ದು.

ಸಾರ್ವಜನಿಕರಿಗೆ ಬಾಗಿಲು 9ರಿಂದ 12 ಮಾತ್ರ. ಗುರುವಾರ ಹಡಗು ನಿಲ್ಲುವುದೇ 8ಕ್ಕೆ, ಇಳಿದು ಕಾರು ಹಿಡಿದು ಒಂಬತ್ತರ ಪೂಜೆಗೆ ಮುಟ್ಟುವುದು ಅನುಮಾನ. ಶುಕ್ರವಾರ ಹಡಗು ಕಟ್ಟೆಗೆ ಕಟ್ಟಿಕೊಂಡೇ ಇರುತ್ತದೆ, ಎಂಟಕ್ಕೇ ಹೊರಡಬಹುದು. ಕಾರು ನಿಲ್ಲಿಸುವ ಜಾಗಕ್ಕೆ ಮಠದ ತಾಣದಲ್ಲಿ ಮೊದಲೇ ಬುಕ್ ಮಾಡಿ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಬೀಚಿಗೆಂದೇ ತುಂಬಿದ ಸೂಟ್‌ಕೇಸಿನಲ್ಲಿ ಒಂದು ಪಂಚೆ, ಒಂದು ಚೂಡಿದಾರ್ ಸೇರಿಸಿ. ಕಪಾಅ ಕಡೆಯ ರಸ್ತೆಯಲ್ಲಿ ಟ್ರಾಫಿಕ್ ಕಟ್ಟುತ್ತದೆ. ಹನ್ನೊಂದಕ್ಕೆ ಅಲ್ಲಿಂದ ಎದ್ದರೆ ಪೆಟ್ರೋಲ್ ತುಂಬಿಸಿ, ಕಾರು ಒಪ್ಪಿಸಿ, ಹಡಗಿನಲ್ಲೇ ಊಟ. ಅಂದು ಸಂಜೆ ಹಡಗು ನಾ ಪಾಲಿ ಬೆಟ್ಟಸಾಲಿನ ಮುಂದೆ ಸಾಗಿ ತಿರುಗುತ್ತದೆ, ಎರಡೂ ಬದಿಯವರಿಗೆ ಕಾಣುತ್ತದೆ. ಮೇಲಿನ ಡೆಕ್ಕಿನಿಂದ ಅದೇ ನೋಟ ಪುಕ್ಕಟೆ.

ಇನ್ನು ಹಡಗಿನೊಳಗಿನ ಬಾಬ್ತು. ವೈಫೈ ಪ್ಯಾಕೇಜ್ ಬೇಡ: ಬಂದರುಗಳಲ್ಲೆಲ್ಲ ನಿಮ್ಮ ಅಮೆರಿಕದ ಸಿಮ್ ಮಾಮೂಲಾಗಿ ಕೆಲಸ ಮಾಡುತ್ತದೆ. ರಾತ್ರಿ ಮಾತ್ರ ಏರ್‌ಪ್ಲೇನ್ ಮೋಡ್ ಹಾಕಿ, ಹಡಗಿನದೇ ಮೊಬೈಲ್ ಜಾಲಕ್ಕೆ ಫೋನ್ ಅಂಟಿಕೊಂಡರೆ ಬಿಲ್ಲು ಬೆಚ್ಚಿಬೀಳಿಸುತ್ತದೆ. ಪಾನೀಯದ ಪ್ಯಾಕೇಜ್ ಲಾಭಕ್ಕೆ ಬರಬೇಕಾದರೆ ದಿನವಿಡೀ ಹಡಗಿನಲ್ಲಿ ಕೂರಬೇಕು. ಸಂಜೆ ಎರಡು ಗ್ಲಾಸ್ ಕುಡಿಯುವವರು ಬಿಡಿಯಾಗಿ ಕೊಳ್ಳಲಿ. ಬಾರಿನ ಬಿಲ್ಲಿಗೂ ವಿಶೇಷ ರೆಸ್ಟೋರೆಂಟಿನ ಬಿಲ್ಲಿಗೂ ಶೇಕಡಾ 20 ಸೇವಾಶುಲ್ಕ ಸೇರುತ್ತದೆ. ಅದಲ್ಲದೆ ತಲೆಗೆ ದಿನಕ್ಕೆ 20 ಡಾಲರ್ ಆಸುಪಾಸು ಟಿಪ್ಸ್, ನಾಲ್ವರ ಸಂಸಾರಕ್ಕೆ ವಾರಕ್ಕೆ 560ರ ಹತ್ತಿರ. ಟಿಕೆಟ್ ದರ ಹೋಲಿಸುವಾಗ ಇದನ್ನು ಕೂಡಿಸಿಕೊಂಡೇ ನೋಡಿ. ಸಸ್ಯಾಹಾರಿಗಳು ಸ್ಟೇಕ್‌ಹೌಸಿಗೆ ಹಣ ಸುರಿಯುವುದು ದಂಡ. ಮೊದಲ ರಾತ್ರಿಯೇ ಮುಖ್ಯ ಊಟದ ಹಾಲಿನ ಮೇಲ್ವಿಚಾರಕರನ್ನು ಕಂಡು, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಬಿಡಿಸಿ ಹೇಳಿದರೆ ಮರುದಿನದಿಂದ ಬೇಳೆ-ಪಲ್ಯದ ವ್ಯವಸ್ಥೆ ಮಾಡಲು ಅವರಿಗೆ ಅನುಕೂಲ. ಅಂಗಡಿಯಲ್ಲಿ ಕೊಂಡ ಸೀಲ್ ಒಡೆಯದ ಚಕ್ಕುಲಿ, ಕೋಡುಬಳೆ ಹಡಗಿಗೆ ತರಬಹುದು, ಮನೆಯಲ್ಲಿ ಮಾಡಿದ ಪುಳಿಯೋಗರೆಯನ್ನು ಬಿಡುವುದಿಲ್ಲ. ಸೋಮವಾರ ರಾತ್ರಿ ಮಾವಿ ಮತ್ತು ದೊಡ್ಡ ದ್ವೀಪದ ನಡುವಿನ ಜಲಸಂಧಿಯಲ್ಲಿ ಹಡಗು ಹೊಯ್ದಾಡುತ್ತದೆ. ಹೊಟ್ಟೆ ತೊಳಸುವವರು ಮಾತ್ರೆಯನ್ನು ಊಟಕ್ಕೆ ಮೊದಲೇ ತೆಗೆದುಕೊಳ್ಳಿ, ವಾಂತಿ ಶುರುವಾದ ಮೇಲೆ ಅದು ಒಳಗೆ ನಿಲ್ಲುವುದಿಲ್ಲ.

ಕೊನೆಯ ಶನಿವಾರ 7ಕ್ಕೆ ಹೊನೊಲುಲು. ಪರ್ಲ್ ಹಾರ್ಬರನ್ನು ಆ ದಿನಕ್ಕೆ ಉಳಿಸಿಕೊಳ್ಳುವವರು ಬಾಗಿಲಲ್ಲೇ ಸಿಕ್ಕಿಬೀಳುತ್ತಾರೆ. ಅಲ್ಲಿ ಹೆಗಲಚೀಲವನ್ನೂ ಒಳಗೆ ಬಿಡುವುದಿಲ್ಲ, ಎಂಟು ಸೂಟ್‌ಕೇಸಿನ ಮಾತೇ ಬೇರೆ. ಅಲ್ಲಿ ಮುಳುಗಿದ ಯುದ್ಧನೌಕೆ ಅರಿಜೋನಾದ ಸ್ಮಾರಕಕ್ಕೆ ಹೋಗುವ ದೋಣಿಗೂ 1 ಡಾಲರಿನ ಬುಕಿಂಗ್ ಇದೆ, ಸುಮಾರು ಎಂಟು ವಾರ ಮುಂಚೆ ತೆರೆಯುತ್ತದೆ. ಹಡಗು ಹತ್ತುವ ಹಿಂದಿನ ದಿನವೇ ಹೊನೊಲುಲು ಮುಟ್ಟಿ, ಸಾಮಾನು ಹೋಟೆಲಿನಲ್ಲಿಟ್ಟು ಶುಕ್ರವಾರ ಅದನ್ನು ಮುಗಿಸಿ. ವಿಮಾನ ತಡವಾದರೂ ಹಡಗು ತಪ್ಪದಿರಲು ಹೇಗೂ ಆ ಒಂದು ದಿನ ಬೇಕು.