ಫ್ಲಾರೆನ್ಸಿಗೆ ಹೋಗುವವರೇ, ಗುಮ್ಮಟ ಹತ್ತದಿದ್ದರೂ ಪರವಾಗಿಲ್ಲ, ಅದರ ಹಿಂದಿನ ಮ್ಯೂಸಿಯಂ ಬಿಡಬೇಡಿ

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಾವು ಮೋಸ ಹೋದದ್ದು ಅಲ್ಲೇ. ಇಟಲಿಯ ಫ್ಲಾರೆನ್ಸಿನ ಕೆಥೆಡ್ರಲ್ (ಊರಿನ ದೊಡ್ಡ ಚರ್ಚು, ಆ ಗುಮ್ಮಟ ಇರುವುದು ಇದಕ್ಕೇ) ಟಿಕೆಟ್ ಎಂದು ಮೊಬೈಲಿನಲ್ಲಿ ಹುಡುಕಿದಾಗ ಮೇಲೆ ಬಂದ ಒಂದು ಸೈಟಿನಲ್ಲಿ ತಲಾ 38 ಯೂರೊ ಕೊಟ್ಟು ಮೂರು ಟಿಕೆಟ್ ಕೊಂಡೆವು. 'ಸಾಲಿನಲ್ಲಿ ನಿಲ್ಲಬೇಕಿಲ್ಲ' ಎಂದು ಬರೆದಿತ್ತು. ಅಲ್ಲಿ ಹೋಗಿ ನೋಡಿದರೆ ಅದರಲ್ಲಿ ಗುಮ್ಮಟ ಸೇರಿಯೇ ಇರಲಿಲ್ಲ. ಇದ್ದದ್ದು ಮ್ಯೂಸಿಯಂ ಮತ್ತು ಎದುರಿನ ಬ್ಯಾಪ್ಟಿಸ್ಟ್ರಿ (ದೀಕ್ಷಾಸ್ನಾನ ಮಾಡಿಸುವ ಕಟ್ಟಡ) ಮಾತ್ರ. ಇವೆರಡೂ ಸೇರುವ ಗಿಬೆರ್ಟಿ ಪಾಸಿಗೆ ಕೌಂಟರಿನಲ್ಲಿ 15 ಯೂರೊ! ಜಿಯೊಟ್ಟೊನ ಗಂಟೆಗೋಪುರ ಸೇರಿದರೆ 20, ಗುಮ್ಮಟವೂ ಸೇರಿದರೆ 30. ಕೆಥೆಡ್ರಲ್ ಒಳಗೆ ಹೋಗುವುದಕ್ಕಂತೂ ಟಿಕೆಟ್ಟೇ ಇಲ್ಲ. ಇದು ನಾವು ಹೋದಾಗಿನ ದರ. ದಯವಿಟ್ಟು ಕೆಥೆಡ್ರಲನ್ನು ನೋಡಿಕೊಳ್ಳುವ ಸಂಸ್ಥೆಯ ಸ್ವಂತ ಸೈಟಿನಲ್ಲೇ ಕೊಳ್ಳಿ. 'ಒಪೆರಾ' ಎಂಬ ಹೆಸರು ನೋಡಿ ಹಾಡು ನಾಟಕ ಅಂದುಕೊಳ್ಳಬೇಡಿ. ಅದು 1296ರಲ್ಲಿ ಕಟ್ಟಡದ ಕೆಲಸ ನೋಡಿಕೊಳ್ಳಲು ಶುರುವಾದ ಸಂಸ್ಥೆ, ಈಗಲೂ ಅವರದೇ ಉಸ್ತುವಾರಿ.

ರೋಮಿನಿಂದ ಬರುವವರು ರೈಲಿನಲ್ಲೇ ಬನ್ನಿ. ವೇಗದ ರೈಲಿಗೆ ಒಂದೂವರೆ ಗಂಟೆ ಸಾಕು. ನಾವು ಸ್ವಲ್ಪ ಉಳಿಸೋಣ ಅಂತ ಬಸ್ ಹಿಡಿದೆವು. ಎರಡು ಗಂಟೆ ತಡವಾಗಿ ಬಂತು, ಏಸಿ ಕೆಟ್ಟಿತ್ತು, ಕಿಟಕಿ ತೆರೆಯುವ ಹಾಗಿಲ್ಲ. 69 ವರ್ಷದ ನಮ್ಮ ಅತ್ತೆ ಒಂದು ಮಾತೂ ಆಡದೆ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು. ಅದನ್ನು ನೋಡಿ ನನಗೆ ಅಳುವೇ ಬಂತು. ಕೊನೆಗೆ ಇಳಿಸಿದ್ದು ಊರೊಳಗೆ ಅಲ್ಲ, ಹೆದ್ದಾರಿ ಪಕ್ಕದ ವಿಲ್ಲಾ ಕೊಸ್ತಾಂತ್ಸಾ ಎಂಬಲ್ಲಿ. ಅಲ್ಲಿಂದ ಟ್ರಾಮ್ ಹತ್ತಿ ರೈಲ್ವೆ ಸ್ಟೇಷನ್ ಹತ್ತಿರ ಬಂದು, ಕಲ್ಲುಹಾಸಿನ ರಸ್ತೆಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ನಡೆಯಬೇಕಾಯಿತು. ವಯಸ್ಸಾದವರು ಜೊತೆಗಿದ್ದರೆ ಈ ಉಳಿತಾಯ ಬೇಡ.

ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಮೊದಲೇ ಸಮಯ ಗೊತ್ತು ಮಾಡಿಕೊಂಡಿರಬೇಕು. ಅತ್ತೆಗೆ ಮಂಡಿನೋವು, ನನಗೆ ಜನಜಂಗುಳಿ ಅಂದರೆ ಆಗುವುದಿಲ್ಲ. ಹಾಗಾಗಿ ಬಿಟ್ಟದ್ದಕ್ಕೆ ಬೇಸರವಿಲ್ಲ. ಕೆಥೆಡ್ರಲಿನ ಸಾಲು ಕಟ್ಟಡವನ್ನೇ ಸುತ್ತು ಹಾಕಿತ್ತು. ಅದೇ ಹೊತ್ತಿಗೆ ಕೆಥೆಡ್ರಲಿನ ಹಿಂಭಾಗದ ಎದುರಿಗಿರುವ ಮ್ಯೂಸಿಯಮ್ಮಿನ ಬಾಗಿಲಲ್ಲಿ ಏಳೆಂಟು ಜನ ಇದ್ದರು, ಅಷ್ಟೇ.

ಒಳಗೆ ಹೋದ ಮೇಲೆ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಹಿಂದಿನ ಸಂಜೆ ಬ್ಯಾಪ್ಟಿಸ್ಟ್ರಿಯ ಚಿನ್ನದ ಬಾಗಿಲ ಮುಂದೆ ಜನರ ನಡುವೆ ತೂರಿ ಹತ್ತಾರು ಫೋಟೊ ತೆಗೆದಿದ್ದೆವು. ಅದು ನಕಲು! ಲೊರೆಂಜೊ ಗಿಬೆರ್ಟಿ 1425ರಿಂದ 1452ರವರೆಗೆ ಮಾಡಿದ ಅಸಲಿ 'ಸ್ವರ್ಗದ ಬಾಗಿಲು' ಇಲ್ಲಿ ಒಳಗೆ, ಗಾಜಿನ ಹಿಂದೆ ಇದೆ. 1966ರ ನವೆಂಬರಿನಲ್ಲಿ ಆರ್ನೊ ನದಿ ಉಕ್ಕಿ ಊರಿಗೆ ನುಗ್ಗಿದಾಗ ಹತ್ತು ಫಲಕಗಳಲ್ಲಿ ಐದು ಕಿತ್ತು ಬಿದ್ದಿದ್ದವು. ಮುಂದೆ ಆದ ದುರಸ್ತಿಗೆ 27 ವರ್ಷ ಹಿಡಿಯಿತು. ಮಾಡಲಿಕ್ಕೆ ಹಿಡಿದದ್ದೂ 27 ವರ್ಷವೇ. 2012ರಲ್ಲಿ ಮತ್ತೆ ಜನರ ಮುಂದೆ ಬಂತು. ಅತ್ತೆಗೆ ಇದನ್ನೆಲ್ಲ ಹೇಳಿದಾಗ, "ಹಾಗಾದ್ರೆ ಹೊರಗಿರೋದು ಉತ್ಸವಮೂರ್ತಿ, ಮೂಲ ವಿಗ್ರಹ ಇಲ್ಲಿ ಒಳಗಿದೆ ಅನ್ನು" ಎಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಆ ಹಾಲ್ ಕೂಡ ದೊಡ್ಡದು. 1587ರಲ್ಲಿ ಕೆಡವಿಹಾಕಿದ ಕೆಥೆಡ್ರಲಿನ ಹಳೆಯ ಮುಂಭಾಗವನ್ನು ಬಾಗಿಲುಗಳ ಎದುರಿಗೆ ನಿಜವಾದ ಅಳತೆಯಲ್ಲೇ ಮತ್ತೆ ನಿಲ್ಲಿಸಿದ್ದಾರೆ.

ಮುಂದಿನ ಕೋಣೆಗಳಲ್ಲಿ ನಿಧಾನ ಮಾಡಿ. ಶಿಲ್ಪಿ ದೊನಾತೆಲ್ಲೊ ಮರದಲ್ಲಿ ಕೆತ್ತಿದ, ಕ್ರಿಸ್ತನ ಶಿಷ್ಯೆ ಮಗ್ದಲೇನಳ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಹಲ್ಲು ಉದುರಿದ, ಉಪವಾಸದಿಂದ ಬತ್ತಿದ ಹೆಂಗಸು. ಮೈ ತುಂಬ ಕೂದಲೇ ಬಟ್ಟೆ. ಕೈಗಳು ಮುಗಿಯಲು ಹೊರಟಿವೆ, ಇನ್ನೂ ಸೇರಿಲ್ಲ. ಅಂಥ ಮುಖವನ್ನು ನಾನು ಆಸ್ಪತ್ರೆಯಲ್ಲಿ ಕಂಡಿದ್ದೇನೆ. ಅಲ್ಲಿಂದ ಮೈಕೆಲ್ಯಾಂಜೆಲೊನ ಪಿಯೆತಾ, ಅಂದರೆ ಸತ್ತ ಕ್ರಿಸ್ತನನ್ನು ಹಿಡಿದುಕೊಂಡವರ ಶಿಲ್ಪ. ಎಪ್ಪತ್ತು ದಾಟಿದ ಮೇಲೆ ತನ್ನ ಸಮಾಧಿಗೆಂದೇ ಕೆತ್ತಲು ಹಿಡಿದದ್ದು. ಮೇಲೆ ಮುಸುಕು ಹಾಕಿಕೊಂಡು ನಿಂತ ಮುದುಕನ ಮುಖ ಅವನದೇ. ಸಿಟ್ಟು ಬಂದು ಸುತ್ತಿಗೆ ತೆಗೆದು ಒಡೆದನಂತೆ, ಶಿಷ್ಯ ಜೋಡಿಸಿದ. ಕ್ರಿಸ್ತನ ಎಡಗಾಲು ಇಂದಿಗೂ ಇಲ್ಲ. ಸುತ್ತ ನಡೆದು ಹಿಂದುಗಡೆಯಿಂದಲೂ ನೋಡಿ. ಉಳಿಯ ಗೀರುಗಳು ಹಾಗೆಯೇ ಕಾಣುತ್ತವೆ.

ಇನ್ನು ಊಟ. ಚೌಕದ ಸುತ್ತ ಕೂತು ತಿನ್ನಬೇಡಿ. ಕೂತದ್ದಕ್ಕೇ 'ಕೊಪೆರ್ತೊ' ಎಂದು ತಲೆಗೆ ಇಷ್ಟು ಅಂತ ಹಾಕುತ್ತಾರೆ. ಹದಿನೈದು ನಿಮಿಷ ನಡೆದು ಸಾಂತಾಂಬ್ರೊಜೊ ಮಾರ್ಕೆಟ್ ಕಡೆ ಹೋಗಿ. ಅಲ್ಲಿ ಒಂದು ಗಲ್ಲಿಯಲ್ಲಿ, ಐದೇ ಮೇಜಿನ ಅಂಗಡಿಯಲ್ಲಿ ನಾವು ತಿಂದ ರಿಬೊಲ್ಲಿತಾವನ್ನು ಮರೆಯಲಾರೆ. ಹಳೆಯ ಬ್ರೆಡ್ಡು, ಬಿಳಿ ಬೀನ್ಸ್ ಕಾಳು, ಕಪ್ಪು ಹಸಿರಿನ ಒಂದು ಸೊಪ್ಪು, ಎಲ್ಲ ಸೇರಿ ಬೆಂದು ಮುದ್ದೆಯ ಹಾಗೆ ಗಟ್ಟಿಯಾಗಿರುತ್ತದೆ. ಹೆಸರಿನ ಅರ್ಥವೇ 'ಮತ್ತೆ ಕುದಿಸಿದ್ದು'. ನಿನ್ನೆಯ ಬಸ್ಸಾರು ಇವತ್ತು ಜಾಸ್ತಿ ರುಚಿ ಅಲ್ವಾ, ಹಾಗೆ. ಮೇಲೆ ಹಸಿ ಆಲಿವ್ ಎಣ್ಣೆ ಧಾರಾಳವಾಗಿ ಸುರಿದರು. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಅದು ಹಾಗೇ. ಮೂರು ತಟ್ಟೆಗೆ 24 ಯೂರೊ, ಹೊಟ್ಟೆ ತುಂಬಿತು. ಅಂಗಡಿಯ ಅಜ್ಜಿ ಅತ್ತೆಯ ಸೀರೆ ಮುಟ್ಟಿ ನೋಡಿ, ಇನ್ನೊಂದು ಸೌಟು ಬಡಿಸಿದರು. ಸಸ್ಯಾಹಾರಿಗಳು 'ಸೆಂತ್ಸಾ ಕಾರ್ನೆ' (ಮಾಂಸ ಬೇಡ) ಎಂದರೆ ಸಾಲದು, 'ಸೆಂತ್ಸಾ ಪ್ರೊಶುತ್ತೊ' (ಒಣಗಿಸಿದ ಹಂದಿ ಮಾಂಸ ಬೇಡ) ಎಂದೂ ಹೇಳಿ. ಸಾರಿಗೆ ಮಾಂಸದ ನೀರು ಹಾಕಿದ್ದಾರೆಯೇ ಅಂತಲೂ ಕೇಳಿ. ಲಾಂಪ್ರೆದೊತ್ತೊ ಎಂದು ಬರೆದ ಗಾಡಿಗಳಲ್ಲಿ ಸಿಗುವುದು ದನದ ಹೊಟ್ಟೆಯ ಭಾಗ.

ಆದರೆ ಈ ಊಟಕ್ಕೆ ಮ್ಯೂಸಿಯಮ್ಮಿನಿಂದ ಮಧ್ಯದಲ್ಲಿ ಎದ್ದು ಹೋಗಬೇಡಿ. ನಾವು ಅದೇ ತಪ್ಪು ಮಾಡಿದೆವು. ಪಾಸು ಮೂರು ದಿನ ನಡೆಯುತ್ತದೆ, ಆದರೆ ಒಂದೊಂದು ಜಾಗಕ್ಕೂ ಒಂದೇ ಸಲ ಪ್ರವೇಶ. ತಿಂದು ಬಂದರೆ ಒಳಗೆ ಬಿಡಲಿಲ್ಲ. ಮೇಲಿನ ಮಹಡಿ ನೋಡೇ ಇರಲಿಲ್ಲ. ಅತ್ತೆ "ಇರಲಿ ಬಿಡು" ಎಂದರು, ಮುಖ ಮಾತ್ರ ಸಣ್ಣದಾಗಿತ್ತು. ತಿಂಗಳ ಮೊದಲ ಮಂಗಳವಾರ ಮ್ಯೂಸಿಯಮ್ಮಿಗೆ ರಜೆ. ನಮ್ಮ ಪುಣ್ಯ, ಮಾರನೆಯ ದಿನ ಬುಧವಾರ. ಅವರಿಗೂ ನನಗೂ ಮತ್ತೆ ಎರಡು ಪಾಸು ತೆಗೆಸಿದೆ, 30 ಯೂರೊ. ಲಿಫ್ಟಿನಲ್ಲೇ ಮೇಲೆ ಹೋದೆವು. ಲೂಕಾ ದೆಲ್ಲಾ ರೊಬ್ಬಿಯಾ ಅಮೃತಶಿಲೆಯಲ್ಲಿ ಕೆತ್ತಿದ ಹಾಡುವ ಮಕ್ಕಳು ಅಲ್ಲಿದ್ದಾರೆ. ಒಬ್ಬನ ಹೆಗಲ ಮೇಲೆ ಇನ್ನೊಬ್ಬನ ಕೈ, ಬಾಯಿ ತೆರೆದೇ ಇದೆ. ಗುಮ್ಮಟದ ಮರದ ಮಾದರಿ, ಅದನ್ನು ಕಟ್ಟಿದ ಬ್ರುನೆಲೆಸ್ಕಿ ಸತ್ತಾಗ ಅವನ ಮುಖದಿಂದ ತೆಗೆದ ಅಚ್ಚು, ಎಲ್ಲ ನೋಡಿದೆವು. ಕೊನೆಗೆ ತಾರಸಿ. ಎದುರಿಗೇ, ಏನೂ ಅಡ್ಡವಿಲ್ಲದೆ, ಆ ಕೆಂಪು ಹೆಂಚಿನ ಗುಮ್ಮಟ. ತುದಿಯಲ್ಲಿ ಹತ್ತಿದವರು ಸಣ್ಣ ಚುಕ್ಕಿಗಳ ಹಾಗೆ ಓಡಾಡುತ್ತಿದ್ದರು. ಅತ್ತೆ ಕಟ್ಟೆಗೆ ಒರಗಿ, ಮಂಡಿ ನೀವಿಕೊಳ್ಳುತ್ತ, ಅರ್ಧ ಗಂಟೆ ಅಲ್ಲೇ ಇದ್ದರು. ನಾನೂ ಕರೆಯಲಿಲ್ಲ.