ಇಳಕಲ್ ಸೀರೆಯ ಕೆಂಪು ಕಾಗದಕ್ಕೆ: ನಾಲ್ಕನೇ ವಾರ

ಅವ್ವನ ಹಳೇ ಇಳಕಲ್ ಸೀರೆಗಳ ಸೆರಗು, ದಡಿಗಳ ಫೋಟೋ ಆಲ್ಬಂ ಈ ವಾರ ಸ್ವಲ್ಪ ಮುಂದೆ ಹೋಯಿತು. ಕಳೆದ ವಾರದ ಪ್ರಿಂಟ್ ನೋಡಿ ಅವ್ವ, "ಇದು ಗಿರಿ ಕುಂಕುಮ ಅಲ್ಲೋ ತಮ್ಮಾ, ಇಟ್ಟಂಗಿ ಬಣ್ಣ ಆಗೇತಿ" ಅಂದಿದ್ದಳು. ಸೀರೆಯ ಆ ಕೆಂಪಿಗೆ ಗಿರಿ ಕುಂಕುಮ ಅಂತಾರೆ. ಸೀರೆ ಪಕ್ಕದಲ್ಲಿಟ್ಟು ನೋಡಿದೆ, ಖರೆ ಇತ್ತು.

ಪ್ರಿಂಟರಿನ ನಾಝಲ್ ಚೆಕ್ (ಇಂಕು ಚಿಮ್ಮುವ ತೂತುಗಳ ಪರೀಕ್ಷೆ) ಹಾಳೆಯಲ್ಲಿ ಮಜೆಂಟಾದ, ಅಂದರೆ ನೇರಳೆ ಛಾಯೆಯ ಗುಲಾಬಿ ಇಂಕಿನ, ಎರಡು ಗೆರೆ ತುಂಡಾಗಿದ್ದವು. ಮಜೆಂಟಾ ಕಡಿಮೆ ಬಿದ್ದರೆ ಕೆಂಪು ಹಳದಿ ಕಡೆ ವಾಲುತ್ತದೆ. ಆ ತೂತುಗಳನ್ನು ತೊಳೆಯುವ ಹೆಡ್ ಕ್ಲೀನಿಂಗ್ ಮಾಡಿದೆ. ಈಗ ಇಟ್ಟಂಗಿ ಬಣ್ಣ ಹೋಯಿತು, ಆದರೆ ಸೆರಗಿನ ತೋಪುತೆನೆ ವಿನ್ಯಾಸದ ಚೂಪು ತುದಿಗಳು ಕೆಂಪಿನೊಳಗೆ ಕಲಸಿಹೋದವು. ಜೋಳದ ತೆನೆಯಂತೆ ಸಾಲಾಗಿ ನಿಲ್ಲಬೇಕಾದ ಬಿಳಿ ಅದು, ಅಲ್ವಾ? ನನಗೆ ಬಹಳ ಬೇಜಾರಾಯಿತು.

ಆಮೇಲೆ ಮಜೆಂಟಾ ಒಂದನ್ನೇ ಶೇಕಡಾ 0ಯಿಂದ 100ರವರೆಗೆ, 5ರ ಅಂತರದಲ್ಲಿ 21 ಚೌಕ ಮಾಡಿ ಪ್ರಿಂಟ್ ತೆಗೆದೆ. 80 ದಾಟಿದ ಮೇಲೆ ಚೌಕಗಳೆಲ್ಲ ಒಂದೇ ಥರ. 95 ಮತ್ತು 100ರಲ್ಲಿ ಕಾಗದ ಉಬ್ಬಿತ್ತು, ಮುಟ್ಟಿದರೆ ಬೆರಳಿಗೆ ಬಣ್ಣ. ಕಾಗದ ಕುಡಿಯುವುದಕ್ಕಿಂತ ಜಾಸ್ತಿ ಇಂಕು ಸುರಿಯುತ್ತಿದ್ದೆ! ಕೆಂಪಿಗೆ ಮಜೆಂಟಾ ಮೇಲೆ ಹಳದಿಯೂ ಬೀಳುತ್ತದೆ, ಅಂದರೆ ಅಲ್ಲಿ ಹೊರೆ ಎರಡರಷ್ಟು. ಮೂರು ವಾರ ಸುಮ್ನೆ ಫೋಟೋದ ಬಣ್ಣ ತಿದ್ದುತ್ತಾ ಕೂತಿದ್ದೆ. ಇಂಕಿನ ಅಳತೆ ಮೊದಲು ಸರಿಯಾಗಬೇಕಿತ್ತು.

ಲಿನಕ್ಸ್‌ನ ಗುಟೆನ್‌ಪ್ರಿಂಟ್ ಡ್ರೈವರ್‌ನಲ್ಲಿ (ಪ್ರಿಂಟರ್ ನಡೆಸುವ ತಂತ್ರಾಂಶ) ಡೆನ್ಸಿಟಿ, ಅಂದರೆ ಸುರಿಯುವ ಇಂಕಿನ ಪ್ರಮಾಣ, ಇಳಿಸಬಹುದು, ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಹೊಂದಿಸಬಹುದು. ಡೆನ್ಸಿಟಿ 1ರಿಂದ 0.85ಕ್ಕೆ ತಂದೆ, ಕಾಗದದ ಆಯ್ಕೆಯನ್ನು ಹೊಳಪಿಲ್ಲದ ಮ್ಯಾಟ್‌ಗೆ ಬದಲಿಸಿದೆ. ಮತ್ತೆ ಆ ಚೌಕಗಳ ಪಟ್ಟಿ ತೆಗೆದು ಒಂದು ದಿನ ಒಣಗಲು ಬಿಟ್ಟೆ, ಹಸಿ ಇಂಕು ನೋಡಿ ತೀರ್ಮಾನ ಮಾಡಬಾರದು. ಈಗ 21 ಚೌಕವೂ ಬೇರೆಬೇರೆ ಕಾಣುತ್ತವೆ. ತೆನೆಯ ತುದಿಗಳೂ ಬಿಡಿಬಿಡಿಯಾಗಿ ಬಂದಿವೆ.

ಒಂದು ತೊಡಕು ಉಳಿದಿದೆ. ಕಿಟಕಿ ಬೆಳಕಿನಲ್ಲಿ ಸೀರೆಯೂ ಪ್ರಿಂಟೂ ಒಂದೇ ಕೆಂಪು, ರಾತ್ರಿ ಎಲ್‌ಇಡಿ ಬಲ್ಬಿನಡಿ ಪ್ರಿಂಟ್ ಕಂದು. ನೂಲಿನ ಬಣ್ಣ ಬೇರೆ, ಇಂಕು ಬೇರೆ. ಎಲ್ಲ ಬೆಳಕಿನಲ್ಲೂ ಎರಡನ್ನೂ ಒಂದಾಗಿಸುವುದು ಆಗದ ಮಾತು. ಮುದ್ರಣದವರು 5000 ಕೆಲ್ವಿನ್ ಬೆಳಕಿನಲ್ಲಿ (ಹಗಲಿನಂಥ ಬಿಳಿ ಬೆಳಕು) ಬಣ್ಣ ನೋಡುವುದು ಇದಕ್ಕೇ. ನಾನು ಬೆಳಗಿನ ಹನ್ನೊಂದರ ಕಿಟಕಿ ಬೆಳಕನ್ನೇ ಹಿಡಿದಿದ್ದೇನೆ.

ನಿನ್ನೆಯ ಪ್ರಿಂಟನ್ನು ಅವ್ವ ಸೆರಗಿನ ಮೇಲೆ ಹಾಸಿ, ಅಂಚಿಗೆ ಬೆರಳಾಡಿಸಿ ನೋಡಿದಳು. "ಕೆಂಪು ಬಂತು. ಮೈ ಕರಿ ಇನ್ನೂ ಬೂದಿ ಕಾಣತೈತಿ" ಅಂದಳು. ಮುಂದಿನ ವಾರ ಕಪ್ಪಿನ ಪಟ್ಟಿ.