ರೋಗಿಯ ಕಡೆಯವರನ್ನು ಹೊರಗೆ ಕಳಿಸದ ಆಸ್ಪತ್ರೆ

ನಮ್ಮ ಕಡೆ ಆಸ್ಪತ್ರೆಗಳಲ್ಲಿ ರೌಂಡ್ಸ್‌ಗೆ ಮುಂಚೆ ತಪ್ಪದೆ ನಡೆಯುವ ಕೆಲಸವೊಂದಿದೆ. ಸೆಕ್ಯುರಿಟಿಯವರು ಬಂದು "ಡಾಕ್ಟ್ರು ಬರ್ತಾರೆ, ಪೇಷಂಟ್ ಕಡೆಯವ್ರೆಲ್ಲ ಹೊರಗೆ ಹೋಗಿ" ಎಂದು ವಾರ್ಡ್ ಖಾಲಿ ಮಾಡಿಸುತ್ತಾರೆ. ನಾನು ಓದಿದ್ದು, ಹೌಸ್‌ಸರ್ಜನ್ಸಿ ಮಾಡಿದ್ದು ಎಲ್ಲ ಅಂಥ ವಾರ್ಡುಗಳಲ್ಲೇ. ಈಗ ಇರುವುದು ಮಲಾವಿ ದೇಶದ ಹಳ್ಳಿಗಾಡಿನ ಒಂದು ಮಿಷನ್ ಆಸ್ಪತ್ರೆಯಲ್ಲಿ, ಮಕ್ಕಳ ವಾರ್ಡಿನ ಡಾಕ್ಟರಾಗಿ. ಇಲ್ಲಿ ಕಡೆಯವರನ್ನು ಹೊರಗೆ ಕಳಿಸಿದರೆ ಮಧ್ಯಾಹ್ನದ ಹೊತ್ತಿಗೆ ವಾರ್ಡೇ ನಿಂತುಹೋಗುತ್ತದೆ.

ಇಲ್ಲಿ ರೋಗಿಯ ಜೊತೆ ಬಂದವರಿಗೆ 'ಗಾರ್ಡಿಯನ್' ಅನ್ನುತ್ತಾರೆ. ಹೆಚ್ಚಾಗಿ ಅಜ್ಜಿ, ಇಲ್ಲವೇ ಚಿಕ್ಕಮ್ಮ. ಆಸ್ಪತ್ರೆಯ ಹಿಂದೆ ಅವರಿಗೆಂದೇ ಒಂದು ಶೆಡ್ ಇದೆ, ಸಾಲು ಒಲೆಗಳಿವೆ, ಬೋರ್‌ವೆಲ್ ಇದೆ. ಸೌದೆ, ಪಾತ್ರೆ, ಮೆಕ್ಕೆಜೋಳದ ಹಿಟ್ಟು ಮನೆಯಿಂದ ಹೊತ್ತು ತರುತ್ತಾರೆ. ಬೆಳಗ್ಗೆ ಗಂಜಿ ಮಾಡುತ್ತಾರೆ, ಹತ್ತು ಗಂಟೆ ಕಳೆದ ಮೇಲೆ ನ್ಸಿಮಾ ಬೇಯಿಸಲು ಕೂರುತ್ತಾರೆ. ಮುದ್ದೆ ತಿಂದವರಿಗೆ ನ್ಸಿಮಾ ವಿವರಿಸಬೇಕಿಲ್ಲ; ರಾಗಿಯ ಬದಲು ಬಿಳಿ ಮೆಕ್ಕೆಜೋಳದ್ದು, ಅಷ್ಟೇ. ಮಗುವಿಗೆ ಉಣಿಸುವುದು, ಬಟ್ಟೆ ಒಗೆಯುವುದು, ಮಗ್ಗುಲು ಬದಲಿಸುವುದು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯುವುದು, ರಿಪೋರ್ಟ್ ತರುವುದು ಎಲ್ಲ ಗಾರ್ಡಿಯನ್ ಕೆಲಸ. ಸಂಬಳದ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿಲ್ಲ.

ಮಿಷನ್ ಆಸ್ಪತ್ರೆ ಅಂದರೆ ಉಡುಪಿ ಕಡೆಯವರಿಗೆ ಗೊತ್ತಿರುವ ಸಂಗತಿಯೇ. 1923ರಲ್ಲಿ ಡಾ. ಈವಾ ಲೊಂಬಾರ್ಡ್ ಶುರು ಮಾಡಿದ ಆಸ್ಪತ್ರೆಗೆ ಇವತ್ತಿಗೂ ಊರಿನವರು 'ಮಿಷನ್ ಆಸ್ಪತ್ರೆ' ಅಂತಲೇ ಹೇಳುವುದು. ನಾನು ಹುಟ್ಟಿದ್ದೂ ಅಲ್ಲೇ. ಆದರೆ ಆಫ್ರಿಕಾದ ಮಿಷನ್ ಆಸ್ಪತ್ರೆ ಅಂದ ಕೂಡಲೇ ಜನ ಬರೀ ದಾನದ ದುಡ್ಡು, ಪಾದ್ರಿಗಳು, ಬಿಳಿಯ ಡಾಕ್ಟರು ಅಂದುಕೊಳ್ಳುತ್ತಾರೆ. ಇಲ್ಲಿ ಲೆಕ್ಕ ಬೇರೆ. ಮಲಾವಿಯಲ್ಲಿ ಚರ್ಚುಗಳ ಹೆಚ್ಚಿನ ಆಸ್ಪತ್ರೆಗಳು 'ಚಾಮ್' ಎಂಬ ಒಂದು ಒಕ್ಕೂಟದಡಿ ಇವೆ, ದೇಶದ ಆರೋಗ್ಯ ಸೇವೆಯ ದೊಡ್ಡ ಪಾಲು ಅವುಗಳ ಹೆಗಲ ಮೇಲಿದೆ. ಸ್ಥಳೀಯ ಸಿಬ್ಬಂದಿಯ ಸಂಬಳ ಕೊಡುವುದು ಸರ್ಕಾರ. ಬಸುರಿ ಬಾಣಂತಿಯರ, ಐದು ವರ್ಷದೊಳಗಿನ ಮಕ್ಕಳ ಚಿಕಿತ್ಸೆಗೆ ಹಲವು ಆಸ್ಪತ್ರೆಗಳು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿವೆ, ಬಿಲ್ ಅಲ್ಲಿಗೆ ಹೋಗುತ್ತದೆ. ಉಳಿದವರು ಫೀಸು ಕಟ್ಟಬೇಕು. ಸಿಸೇರಿಯನ್‌ಗಳಲ್ಲಿ ಹೆಚ್ಚಿನವನ್ನು ಮಾಡುವುದು ಡಾಕ್ಟರಲ್ಲ, ಕ್ಲಿನಿಕಲ್ ಆಫೀಸರ್‌ಗಳು, ಎಂಬಿಬಿಎಸ್ ಇಲ್ಲದೆ ಬೇರೆ ತರಬೇತಿ ಪಡೆದವರು. ನಮ್ಮಲ್ಲಿರುವವರ ಕೈಚಳಕ ನೋಡಿದರೆ ನನಗೆ ಮತ್ಸರವಾಗುತ್ತದೆ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ, ಜೊತೆಗೆ ಮಲೇರಿಯಾ. ಒಂದೇ ಮಂಚದಲ್ಲಿ ಎರಡೆರಡು ಮಕ್ಕಳು, ರಾತ್ರಿ ಇಡೀ ವಾರ್ಡಿಗೆ ಒಬ್ಬ ನರ್ಸ್. ಹಳೆಯ ಸಿಸ್ಟರ್‌ಗಳು ಮಲೇರಿಯಾಕ್ಕೆ ಮುಂಚೆ ಕೊಡುತ್ತಿದ್ದ ಕ್ವಿನೈನ್ ಕಾಲವನ್ನು ನೆನೆದು ತಲೆ ಚಚ್ಚಿಕೊಳ್ಳುತ್ತಾರೆ. ಡ್ರಿಪ್ ನಾಲ್ಕು ಗಂಟೆ ನಿಧಾನವಾಗಿ ಹೋಗಬೇಕಿತ್ತು, ಬೇಗ ಹೋದರೆ ಅಪಾಯ, ಶುಗರ್ ಬೇರೆ ಇಳಿಯುತ್ತಿತ್ತು. ಆಫ್ರಿಕಾದ ಒಂಬತ್ತು ದೇಶಗಳ 5,425 ಮಕ್ಕಳ ಮೇಲೆ ನಡೆದ ಆಕ್ವಾಮ್ಯಾಟ್ ಅಧ್ಯಯನ 2010ರಲ್ಲಿ ಪ್ರಕಟವಾಯಿತು: ಕ್ವಿನೈನ್ ಪಡೆದವರಲ್ಲಿ ಶೇ. 10.9ರಷ್ಟು ಮಕ್ಕಳು ತೀರಿಕೊಂಡರೆ, ಈಗ ನಾವು ಕೊಡುವ ಆರ್ಟಿಸುನೇಟ್ ಪಡೆದವರಲ್ಲಿ ಶೇ. 8.5. ಎಲ್ಲರೂ ಈ ಅಂಕಿ ಹೇಳುತ್ತಾರೆ. ವಾರ್ಡಿನಲ್ಲಿ ನಿಂತು ನೋಡಿದರೆ ಕಾಣುವ ಲಾಭ ಇನ್ನೊಂದಿದೆ. ಆರ್ಟಿಸುನೇಟ್ ಇಂಜೆಕ್ಷನ್ ಕೊಡಲು ಕೆಲವೇ ನಿಮಿಷ ಸಾಕು. ನರ್ಸ್ ಕೈ ಖಾಲಿಯಾಗುತ್ತದೆ.

ಅಷ್ಟಾದರೂ ಒಬ್ಬ ನರ್ಸ್ ಎಷ್ಟು ಮಕ್ಕಳ ಮೇಲೆ ಕಣ್ಣಿಟ್ಟಾರು? ಮೆದುಳಿಗೆ ಏರಿದ ಮಲೇರಿಯಾದಲ್ಲಿ ಪ್ರಜ್ಞೆಯ ಮಟ್ಟ ಅಳೆಯಲು ನಾವು ಬಳಸುವುದು ಬ್ಲಾಂಟೈರ್ ಕೋಮಾ ಸ್ಕೋರ್. ಇದೇ ದೇಶದ ಬ್ಲಾಂಟೈರ್‌ನಲ್ಲಿ ರೂಪುಗೊಂಡದ್ದು, ಸೊನ್ನೆಯಿಂದ ಐದರವರೆಗೆ ಅಂಕ. ಮಾತು ಬಾರದ ಮಗುವಿಗೂ ನಡೆಯುತ್ತದೆ. ನಮ್ಮ ಮೇಟ್ರನ್ ಅದನ್ನು ಅಜ್ಜಿಯರ ಭಾಷೆಗೆ ಇಳಿಸಿದ್ದಾರೆ. ಮಗು ಅಡ್ಮಿಟ್ ಆದ ಕೂಡಲೇ ಗಾರ್ಡಿಯನ್ ಪಕ್ಕ ಮಂಚದ ಮೇಲೇ ಕೂತು ಮೂರು ವಿಷಯ ಹೇಳಿಕೊಡುತ್ತಾರೆ: ಉಸಿರು ಜೋರಾದರೆ, ಕುಡಿಯುವುದು ಬಿಟ್ಟರೆ, ಮೈಯಲ್ಲಿ ಎಲ್ಲೇ ಅದುರು ಕಂಡರೆ, ಎದ್ದು ಬಂದು ನನ್ನ ಕೈ ಹಿಡಿಯಿರಿ, ಬೈತಾರೆ ಅಂತ ಹೆದರಬೇಡಿ. ಆಮೇಲೆ ಅಜ್ಜಿಯ ಬಾಯಿಂದಲೇ ಆ ಮೂರನ್ನೂ ಹೇಳಿಸುತ್ತಾರೆ. ಹೇಳುವವರೆಗೆ ಏಳುವುದಿಲ್ಲ.

ಒಂದು ರಾತ್ರಿ ನಾನು ಇನ್ನೊಂದು ಮಗುವಿಗೆ ಡ್ರಿಪ್ ಹಾಕುವ ಕ್ಯಾನುಲಾ ಹುಡುಕುತ್ತಿದ್ದೆ. ಹೆಗಲ ಮೇಲೆ ಚಿತೆಂಜೆ ಬಟ್ಟೆ ಹೊದ್ದ ಅಜ್ಜಿಯೊಬ್ಬರು ಬಂದು ಸಿಸ್ಟರ್ ತೋಳು ಹಿಡಿದರು. ಮಾತಿಲ್ಲ, ಬರೀ ತಮ್ಮ ಎಡಗಣ್ಣಿನ ರೆಪ್ಪೆ ಮುಟ್ಟಿ ತೋರಿಸಿದರು. ಹೋಗಿ ನೋಡಿದರೆ ಮಗು ಸದ್ದಿಲ್ಲದೆ ಮಲಗಿದೆ, ಕೈಕಾಲು ಸೆಟೆದಿಲ್ಲ, ದೂರದಿಂದ ನೋಡಿದವರಿಗೆ ಒಳ್ಳೆ ನಿದ್ದೆ. ರೆಪ್ಪೆಯ ಅಂಚು ಮಾತ್ರ ತಟತಟ ಅದುರುತ್ತಿತ್ತು, ಬಾಯಿಯ ಮೂಲೆಯಲ್ಲಿ ಜೊಲ್ಲು. ಫಿಟ್ಸ್ ನಡೀತಿತ್ತು. ಬೆರಳು ಚುಚ್ಚಿ ನೋಡಿದರೆ ಶುಗರ್ ತಳ ಮುಟ್ಟಿತ್ತು. ಗ್ಲೂಕೋಸ್ ಏರಿಸಿದೆವು, ಅದುರು ನಿಲ್ಲದ್ದಕ್ಕೆ ಔಷಧಿಯನ್ನೂ ಕೊಟ್ಟೆವು. ಬೆಳಗ್ಗೆ ಪ್ರಾರ್ಥನೆ ಮುಗಿದು ಹ್ಯಾಂಡ್‌ಓವರ್ ಓದುವಾಗ ಸಿಸ್ಟರ್ 'ಗಾರ್ಡಿಯನ್ ಗಮನಿಸಿದರು' ಅಂತ ಓದಿದರು. ಬೇರೆ ಯಾವ ಆಸ್ಪತ್ರೆಯ ಕೇಸ್ ಶೀಟಿನಲ್ಲೂ ನಾನು ಆ ಸಾಲು ನೋಡಿರಲಿಲ್ಲ.

ಗಾರ್ಡಿಯನ್ ಕಣ್ಣಾದರೆ, ನಿರ್ಧಾರ ಇನ್ನೊಬ್ಬರದು. ಇಲ್ಲಿಯ ಚೆವಾ ಜನರದು ತಾಯಿಕಟ್ಟು. ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು, ಅವರ ವಿಚಾರದಲ್ಲಿ ಅಪ್ಪನಿಗಿಂತ ತಾಯಿಯ ಅಣ್ಣನ ಮಾತು ಮೇಲು. ಹೊರದೇಶದಿಂದ ಬರುವ ಡಾಕ್ಟರುಗಳಿಗೆ ಇದು ತಲೆನೋವು: "ತಾಯಿ ಇಲ್ಲೇ ಇದ್ದಾಳೆ, ತಂದೆ ಇಲ್ಲೇ ಇದ್ದಾನೆ, ರಕ್ತ ಕೊಡಲು ಇನ್ಯಾರ ಅಪ್ಪಣೆ?" ಅಂತ ರೇಗುತ್ತಾರೆ. ನನಗೆ ಹಾಗನ್ನಿಸಲಿಲ್ಲ. ನಮ್ಮ ಹಿರಿಯರು ಬಾಸೆಲ್ ಮಿಷನ್ ಕಾಲದಲ್ಲಿ ಕ್ರೈಸ್ತರಾದವರು. ಅದಕ್ಕೂ ಹಿಂದಿನ ಅಳಿಯಸಂತಾನದ ವಾಸನೆ ನಮ್ಮ ಮನೆಯಲ್ಲಿ ಪೂರ್ತಿ ಹೋಗಿರಲಿಲ್ಲ. ನನ್ನ ಮದುವೆ ಮಾತುಕತೆಗೆ ಅಪ್ಪ ಕೂತಿದ್ದರೂ ಎಲ್ಲರೂ ಕಾದದ್ದು ದೊಡ್ಡ ಸೋದರಮಾವ ಬರಲಿ ಎಂದೇ. ಮಾವ ಬಂದು ಕಾಫಿ ಕುಡಿದು "ಆಗಲಿ" ಅಂದರು, ಮುಗಿಯಿತು.

ಹಿಮೋಗ್ಲೋಬಿನ್ ನಾಲ್ಕಕ್ಕಿಂತ ಕೆಳಗಿಳಿದ ಮಗುವಿಗೆ ರಕ್ತ ಬೇಕೇ ಬೇಕು. ಜೀವಕ್ಕೆ ಕುತ್ತು ಬಂದ ಹೊತ್ತಿನಲ್ಲಿ ನಾವು ಯಾರಿಗೂ ಕಾಯುವುದಿಲ್ಲ, ಅದು ಸ್ಪಷ್ಟವಿರಲಿ. ಆದರೆ ಬ್ಯಾಂಕಿನಲ್ಲಿ ಆ ಗುಂಪಿನ ರಕ್ತ ಇಲ್ಲದಿದ್ದರೆ ಮನೆಯವರೇ ಕೊಡಬೇಕು, ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಎಲ್ಲ ಪರೀಕ್ಷೆ ಆಗಬೇಕು. ಆಗ ಮಗುವಿನ ಸೋದರಮಾವ ಒಂದು ಮಾತು ಹೇಳಿದರೆ ಬಾಡಿಗೆ ಸೈಕಲ್ಲಿನ ಹಿಂಬದಿಗೆ ಕೂತು ಇಬ್ಬರು ಮೂವರು ಬಂದಿಳಿಯುತ್ತಾರೆ. ಇಲ್ಲಿ ಆ ಸೈಕಲ್ಲಿಗೆ ಕಬಾಝಾ ಅನ್ನುತ್ತಾರೆ, ಹಳ್ಳಿಯ ಆಂಬುಲೆನ್ಸೂ ಅದೇ. ಮಾವ ಹೇಳದಿದ್ದರೆ ಎಲ್ಲರೂ ನೆಲ ನೋಡುತ್ತಾ ನಿಲ್ಲುತ್ತಾರೆ. ಹಾಗಾಗಿ ಅಡ್ಮಿಷನ್ ಹೊತ್ತಿಗೇ ಮಾವನ ಫೋನ್ ನಂಬರ್ ಬರೆದುಕೊಳ್ಳುವ ರೂಢಿ ಇಟ್ಟುಕೊಂಡಿದ್ದೇವೆ. ಗಾರ್ಡಿಯನ್ ಯಾರು, ತೀರ್ಮಾನ ಯಾರದು, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಯಾರು: ಈ ಮೂರು ಪ್ರಶ್ನೆ ಜ್ವರ, ವಾಂತಿಯ ಪ್ರಶ್ನೆಗಳ ಜೊತೆಗೇ.

ಮೂರನೆಯದು ಯಾಕೆಂದರೆ, ಜನವರಿ ಫೆಬ್ರವರಿ ಇಲ್ಲಿ ಹಸಿವಿನ ತಿಂಗಳುಗಳು. ಹಳೆಯ ಮೆಕ್ಕೆಜೋಳ ಕಣಜದಲ್ಲಿ ಮುಗಿದಿರುತ್ತದೆ, ಹೊಸದು ಇನ್ನೂ ಹೊಲದಲ್ಲಿ ಹಸಿರಾಗಿರುತ್ತದೆ. ಕಳೆ ಕೀಳದಿದ್ದರೆ ಮುಂದಿನ ವರ್ಷವೂ ಹಸಿವೇ. ಮಗುವಿಗೆ ಸ್ವಲ್ಪ ಗೆಲುವಾದ ಕೂಡಲೇ ತಾಯಂದಿರು ಹೇಳದೆ ಕೇಳದೆ ಹೊರಟುಬಿಡುತ್ತಾರೆ. ರಿಜಿಸ್ಟರಿನಲ್ಲಿ 'ಅಬ್‌ಸ್ಕಾಂಡೆಡ್' ಅಂತ ಬರೆಯುತ್ತಾರೆ, ಜೈಲಿನಿಂದ ಓಡಿಹೋದವರ ಹಾಗೆ. ನನಗೆ ಆ ಪದ ಕಂಡರಾಗದು. ಹೊಲ ಇರುವವರು ಇನ್ನೇನು ಮಾಡಬೇಕು? ಈಗ ಮೊದಲೇ ಕೇಳಿಕೊಂಡು, ಅಂಥವರಿಗೆ ಬಾಕಿ ಔಷಧಿ ಲೆಕ್ಕ ಹಾಕಿ ಕಟ್ಟಿ, ಹಳ್ಳಿಯ ಆರೋಗ್ಯ ಸಹಾಯಕರಿಗೆ ಹೇಳಿ ಕಳಿಸುತ್ತೇವೆ.

ಔಷಧಿ ಹೇಳಿಕೊಡುವುದೂ ಅಜ್ಜಿಯ ಲೆಕ್ಕದಲ್ಲೇ. ಮಲೇರಿಯಾಕ್ಕೆ ಬಾಯಲ್ಲಿ ಕೊಡುವ ಎಲ್‌ಎ ಮಾತ್ರೆ ಮೂರು ದಿನ, ಆರು ಡೋಸ್. ಎರಡನೆಯದು ಎಂಟು ಗಂಟೆ ಬಿಟ್ಟು. ಮನೆಯಲ್ಲಿ ಗಡಿಯಾರ ಇಲ್ಲದವರಿಗೆ 'ಎಂಟು ಗಂಟೆ' ಅಂದರೆ ಏನು ಉಪಯೋಗ? ಸೂರ್ಯ ಎಲ್ಲಿದ್ದಾಗ, ಕೋಳಿ ಕೂಗುವ ಮುಂಚೆಯೋ ಆಮೇಲೋ, ಹಾಗೆ ಹೇಳಬೇಕು. ಜಿಡ್ಡಿನಂಶದ ಜೊತೆ ಕೊಟ್ಟರೆ ಆ ಮಾತ್ರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಹಾಲು, ಬೆಣ್ಣೆ ಅಂತ ಪುಸ್ತಕ ಹೇಳಬಹುದು, ಇಲ್ಲಿ ಅಜ್ಜಿಯರು ನೆಲಗಡಲೆ ಪುಡಿ ಹಾಕಿ ಗಂಜಿ ಮಾಡುತ್ತಾರೆ. ಅದೇ ಸಾಕು.

ಮನೆಯವರನ್ನು ಎಲ್ಲದಕ್ಕೂ ಒಳಗೆ ಬಿಟ್ಟುಕೊಳ್ಳಬೇಕು ಅಂತಲ್ಲ. ಎಚ್‌ಐವಿ ಇರುವ ಗರ್ಭಿಣಿಯರಿಗೆಲ್ಲ, ರೋಗದ ಹಂತ ನೋಡದೆ, ಜೀವಮಾನವಿಡೀ ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕುವ ಔಷಧಿ, ಕೊಡುವ ಪದ್ಧತಿಯನ್ನು 2011ರಲ್ಲಿ ಜಗತ್ತಿನಲ್ಲೇ ಮೊದಲು ತಂದ ದೇಶ ಮಲಾವಿ. ಹುಟ್ಟಿನಿಂದ ಸೋಂಕು ಬರುವ ಮಕ್ಕಳು ಅದರಿಂದ ಬಹಳ ಕಡಿಮೆಯಾದರು. ಆದರೆ ಪ್ರತಿ ರೋಗಿಯ ಕೈಯಲ್ಲೂ 'ಹೆಲ್ತ್ ಪಾಸ್‌ಪೋರ್ಟ್' ಎಂಬ, ಚಿಕಿತ್ಸೆಯ ವಿವರ ಬರೆದ ಪುಸ್ತಕ ಇರುತ್ತದೆ, ಅತ್ತೆಯೂ ನಾದಿನಿಯೂ ಅದನ್ನು ತೆರೆದು ನೋಡಬಹುದು. ತಾಯಿ ಮಾತ್ರೆ ತಗೊಳ್ಳುತ್ತಿದ್ದಾಳಾ ಅಂತ ಗಾರ್ಡಿಯನ್ ಎದುರು ಕೇಳಿದರೆ ಅವಳ ಸಂಸಾರಕ್ಕೇ ಕಲ್ಲು ಬೀಳಬಹುದು. ಅದಕ್ಕೆ ನನ್ನ ಎರಡನೇ ರೌಂಡ್ ನ್ಸಿಮಾ ಬೇಯುವ ಹೊತ್ತಿಗೆ. ಅಜ್ಜಿಯರೆಲ್ಲ ಒಲೆ ಮುಂದೆ, ವಾರ್ಡಿನಲ್ಲಿ ತಾಯಿ ಮಗು ಇಬ್ಬರೇ. ಟೈಮ್‌ಟೇಬಲ್‌ನಲ್ಲಿ ಇದಕ್ಕೆ ಕಾರಣ ಬರೆದಿಲ್ಲ, ಬರೆಯುವುದೂ ಬೇಡ.

ಆ ಒಲೆಗಳ ಸಾಲೂ ಆಸ್ಪತ್ರೆಯೇ. 2022ರಲ್ಲಿ ಶುರುವಾಗಿ ಮರುವರ್ಷದವರೆಗೆ ನಡೆದ ಕಾಲರಾ ಮಲಾವಿಯ ಇತಿಹಾಸದಲ್ಲೇ ದೊಡ್ಡದು, ಸತ್ತವರು 1,700ಕ್ಕೂ ಹೆಚ್ಚು. ವಾರ್ಡಿಗೆ ಎಷ್ಟು ಕ್ಲೋರಿನ್ ಬೇಕೋ ಅಷ್ಟೇ ಆ ಶೆಡ್ಡಿಗೂ ಬೇಕು. ಬಜೆಟ್ ಮೀಟಿಂಗಿನಲ್ಲಿ ಇದನ್ನು ಜಗಳ ಮಾಡಿಯೇ ಪಡೆಯಬೇಕಾಗುತ್ತದೆ. ಎಕ್ಸ್‌ರೇ ಮೆಷಿನ್‌ಗೆ ದಾನಿಗಳು ಸಿಗುತ್ತಾರೆ, ಅಡುಗೆ ಶೆಡ್ಡಿನ ತಗಡಿಗೆ ಸಿಗುವುದಿಲ್ಲ.

ಇನ್ನು ನಮ್ಮ ಮನೆ. "ನಿನ್ನ ಸೇವೆ ದೊಡ್ಡದು" ಅಂತ ಊರಿನಿಂದ ಮೆಸೇಜ್ ಬಂದಾಗ ನನಗೆ ಮುಜುಗರ. ಗಂಡ ಇಂಜಿನಿಯರ್, ಆಕ್ಸಿಜನ್ ಕಾನ್ಸನ್‌ಟ್ರೇಟರ್‌ಗಳ ಫಿಲ್ಟರ್, ಸೋಲಾರ್ ಬ್ಯಾಟರಿ, ಕರೆಂಟ್ ಹೋದಾಗ ಜನರೇಟರ್, ಎಲ್ಲ ಅವರ ಪಾಲು. ಮಷಿನ್ ಕೆಟ್ಟ ರಾತ್ರಿ ಜನ ಬಂದು ಬಾಗಿಲು ತಟ್ಟುವುದು ನನಗಾಗಿ ಅಲ್ಲ, ಅವರಿಗಾಗಿ. ಮಗಳಿಗೆ ಮನೆಯಲ್ಲೇ ಪಾಠ. ಕನ್ನಡ ಅವಳ ಅಪ್ಪನ ವಿಭಾಗ, ಒತ್ತಕ್ಷರಕ್ಕೆ ಬಂದು ನಿಂತಿದೆ. ಚಿಚೆವಾ ಮಾತ್ರ ನಮಗಿಂತ ಮೊದಲು ಕಲಿತಳು, ಮಾರ್ಕೆಟ್ಟಿನಲ್ಲಿ ನಮ್ಮಿಬ್ಬರ ದುಭಾಷಿ ಅವಳೇ. ನಮ್ಮ ಸಾಂಬಾರಿಗೆ ತೊಗರಿ ತೊಂದರೆಯಿಲ್ಲ: ದಕ್ಷಿಣ ಮಲಾವಿಯಲ್ಲಿ ಬೆಳೆಯುತ್ತಾರೆ, ಭಾರತ 2021ರಲ್ಲಿ ವರ್ಷಕ್ಕೆ 50,000 ಟನ್ ಕೊಳ್ಳುವ ಒಪ್ಪಂದವನ್ನೇ ಮಾಡಿಕೊಂಡಿತ್ತು. ನೀವು ಬೆಂಗಳೂರಿನಲ್ಲಿ ಉಣ್ಣುವ ಬೇಳೆಯೂ ಇಲ್ಲಿಯದೇ ಇರಬಹುದು.

ಮಗಳಿಗೂ ಮಲೇರಿಯಾ ಬಂದಿತ್ತು. ಸೊಳ್ಳೆಪರದೆ, ಜಾಲರಿ ಎಲ್ಲ ಇದ್ದೂ ಬಂತು. ಆ ಮೂರು ದಿನ ಅವಳ ಗಾರ್ಡಿಯನ್ ಆಗಿ ಕೂತದ್ದು ನಾನು, ಗಂಜಿ ತಂದುಕೊಟ್ಟದ್ದು ಶೆಡ್ಡಿನ ಅಜ್ಜಿಯರು, ಪುಸ್ತಕದಲ್ಲಿ ಡೋಸ್ ಬರೆದದ್ದು ಕ್ಲಿನಿಕಲ್ ಆಫೀಸರ್. ಕೋಳಿ ಕೂಗುವ ಮುಂಚೆ ಎದ್ದು ಮಾತ್ರೆ ಕೊಡುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು.

ಹಳೆಯ ಮಿಷನರಿಗಳ ಕಥೆಯಲ್ಲಿ ಸಂಸಾರ ಅಡಿಟಿಪ್ಪಣಿಯಾಗಿಬಿಡುತ್ತದೆ. ಡೇವಿಡ್ ಲಿವಿಂಗ್‌ಸ್ಟನ್ 1852ರಲ್ಲಿ ಹೆಂಡತಿ ಮೇರಿಯನ್ನೂ ಮಕ್ಕಳನ್ನೂ ಬ್ರಿಟನ್ನಿಗೆ ಕಳಿಸಿ ತಾನು ಒಳನಾಡಿಗೆ ನಡೆದ. ಮೇರಿ ಝಾಂಬೆಝಿಗೆ ಗಂಡನ ಬಳಿ ಬಂದದ್ದು 1862ರಲ್ಲಿ. ಕೆಲವೇ ತಿಂಗಳಲ್ಲಿ ಆ ನದಿ ದಂಡೆಯ ಶುಪಾಂಗಾದಲ್ಲಿ ಜ್ವರಕ್ಕೆ ತೀರಿಕೊಂಡಳು. ಅವನ ಹೆಸರಿನಲ್ಲೇ ಮಲಾವಿ ಸರೋವರದ ದಂಡೆಗೆ 1875ರಲ್ಲಿ ಬಂದ ತಂಡ ಕೇಪ್ ಮ್ಯಾಕ್ಲಿಯರ್‌ನಲ್ಲಿ ನೆಲೆಯೂರಿತು, ಮಲೇರಿಯಾಕ್ಕೆ ಜನರನ್ನು ಕಳೆದುಕೊಂಡು 1881ರಲ್ಲಿ ಬಂಡಾವೆಗೆ ಗುಳೆ ಹೋಯಿತು. ಆ ತಂಡದ ಡಾ. ರಾಬರ್ಟ್ ಲಾಸ್ 1927ರವರೆಗೂ ಈ ನಾಡಿನಲ್ಲಿ ಕೆಲಸ ಮಾಡಿದರು, ಹೆಂಡತಿ ಮಾರ್ಗರೆಟ್ ಅವರೂ ದಶಕಗಳ ಕಾಲ ಜೊತೆಗಿದ್ದರು. ನನ್ನ ಮಟ್ಟಿಗೆ ಲಿವಿಂಗ್‌ಸ್ಟನ್‌ಗಿಂತ ಈ ದಂಪತಿಗಳೇ ದೊಡ್ಡವರು, ಇದನ್ನು ಯಾರಾದರೂ ಒಪ್ಪಲಿ ಬಿಡಲಿ.

ಕರ್ನಾಟಕದಿಂದ ಆಗಾಗ ಕಿರಿಯ ಡಾಕ್ಟರುಗಳು ಕೇಳುತ್ತಾರೆ, ಬರಬಹುದಾ ಅಂತ. ಮೆಡಿಕಲ್ ಕೌನ್ಸಿಲ್ ನೋಂದಣಿ, ಕೆಲಸದ ಪರ್ಮಿಟ್ ತಿಂಗಳುಗಟ್ಟಲೆ ಎಳೆಯುತ್ತವೆ, ಆದರೆ ಆಗುತ್ತವೆ. ನಾನು ಕೇಳುವುದು ಬೇರೆ: ಹೆಂಡತಿಯೋ ಗಂಡನೋ ಇಲ್ಲಿ ಬಂದು ಇಡೀ ದಿನ ಏನು ಮಾಡುತ್ತಾರೆ? ಮಕ್ಕಳಿಗೆ ಪಾಠ ಹೇಳುವವರು ಯಾರು? ಊರಲ್ಲಿ ಅಪ್ಪ ಅಮ್ಮ ಬಿದ್ದರೆ ಮೊದಲು ಓಡಿಬರುವ ಅಣ್ಣನೋ ತಂಗಿಯೋ ಇದ್ದಾರಾ, ಅವರ ಹತ್ತಿರ ಈ ಮಾತು ಆಡಿ ಆಗಿದೆಯಾ? ಮಲಾವಿಯ ರಾಜಧಾನಿ ಲಿಲಾಂಗ್ವೆಯಿಂದ ಬೆಂಗಳೂರಿಗೆ ನೇರ ವಿಮಾನ ಇಲ್ಲ, ಅಡಿಸ್ ಅಬಾಬಾದಲ್ಲೋ ಇನ್ನೆಲ್ಲೋ ಕಾದು ಕೂರಬೇಕು. ನನ್ನ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆದಾಗ ಸಹಿ ಹಾಕಿದ್ದು, ವಾರ್ಡಿನಲ್ಲಿ ಕೂತದ್ದು ತಮ್ಮ. ರೌಂಡ್ಸ್ ಹೊತ್ತಿಗೆ ಅವನನ್ನು ಹೊರಗೆ ಕಳಿಸಿದ್ದರಿಂದ ಡಾಕ್ಟರ್ ಏನು ಹೇಳಿದರು ಅಂತ ನನಗೆ ಫೋನಿನಲ್ಲಿ ಹೇಳಲು ಅವನಿಗೇ ಗೊತ್ತಿರಲಿಲ್ಲ. ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಬರೆಯಿರಿ, ಪರ್ಮಿಟ್ ಅರ್ಜಿಗೆ ಯಾವ್ಯಾವ ಕಾಗದ ಬೇಕು ಅಂತ ಪಟ್ಟಿ ಕಳಿಸುತ್ತೇನೆ.